ಬೀಗದ ಕೈ ಸಿಕ್ಕಿದ ಮೇಲೆ

ನದಿ ದಂಡೆ ಅಭಿವೃದ್ಧಿ ಯೋಜನೆಗಾಗಿ ಸಾಬರಮತಿ ದಂಡೆಯಿಂದ ಎಬ್ಬಿಸಿದ ಕುಟುಂಬಗಳಲ್ಲಿ ಹಲವಕ್ಕೆ 2010ರ ಆಸುಪಾಸಿನಲ್ಲಿ ಅಹಮದಾಬಾದಿನ ಅಂಚಿನ ವಟ್ವಾದಲ್ಲಿ ಫ್ಲ್ಯಾಟು ಸಿಕ್ಕಿತು. ಗುಡಿಸಲು ಹೋಗಿ ತಾರಸಿ ಬಂತು, ಹಳೆಯ ನೆರೆಹೊರೆ ಮಾತ್ರ ಚದುರಿತು. ಸೆಪ್ಟ್ ವಿಶ್ವವಿದ್ಯಾಲಯದ ಸಂಶೋಧಕರಿಗೆ ಅಲ್ಲಿನ ಹೆಂಗಸರು ಹೇಳಿಕೊಂಡದ್ದು ಕತ್ತಲೆ ರಸ್ತೆ, ಖಾಲಿ ಬಿದ್ದ ಫ್ಲ್ಯಾಟು, ಶೇರ್ ಆಟೊದ ಕಿರುಕುಳ, ಕಳ್ಳಬಟ್ಟಿ ಕುಡುಕರ ಕಾಟ. ನಮ್ಮ ಸ್ಲಂ ಬೋರ್ಡ್ ಮನೆಗಳಿಗೆ ಹೋದವರಿಗೂ ಇದು ಹೊಸದೇನಲ್ಲ. ಅಂಥ ಕಡೆ ಈಗಷ್ಟೇ ಕೆಲಸಕ್ಕಿಳಿದ ಕಾರ್ಯಕರ್ತೆಗೆ ಇದೊಂದು ಕೈಪಿಡಿ.

ಹಂತ 1: ಕಾಗದ
ಹಂಚಿಕೆ ಪತ್ರದಲ್ಲಿ ಯಾರ ಹೆಸರಿದೆ ನೋಡಿ. ಗಂಡನ ಹೆಸರೊಂದೇ ಇದ್ದರೆ ಜಂಟಿ ಹೆಸರಿಗೆ ಅರ್ಜಿ ಕೊಡಿಸಿ. ಆಧಾರ್, ಪಡಿತರ ಚೀಟಿ, ಕರೆಂಟ್ ಬಿಲ್ಲಿನ ನಕಲನ್ನು ನಂಬಿಕಸ್ಥರ ಮನೆಯಲ್ಲಿಡಿಸಿ.

ಹಂತ 2: ಕತ್ತಲಾದ ಮೇಲೆ ನಡಿಗೆ
1989ರಲ್ಲಿ ಟೊರಾಂಟೊದ ಹೆಂಗಸರು ರೂಪಿಸಿದ ವಿಧಾನವಿದು. ಐದಾರು ಜನ ಸೇರಿ ಆಟೊ ನಿಲ್ದಾಣದಿಂದ ಮೆಟ್ಟಿಲವರೆಗೆ ನಡೆಯಿರಿ. ಕಾರ್ಖಾನೆ ಪಾಳಿ ಮುಗಿಸಿ ಬರುವವರು, ಶಾಲೆಯ ಹುಡುಗಿಯರು ಜೊತೆಗಿರಲಿ. ಭಯ ಎಲ್ಲಿ ಶುರುವಾಗುತ್ತದೆಂದು ಅವರಿಗೇ ಗೊತ್ತು. ಉರಿಯದ ದೀಪದ ಕಂಬದ ಸಂಖ್ಯೆ, ಚಿಲಕವಿಲ್ಲದ ಶೌಚಾಲಯ, ಗುಂಪು ಕಟ್ಟಿ ಕೂರುವ ಜಾಗ, ಬಾಗಿಲು ಕಿತ್ತುಹೋದ ಖಾಲಿ ಮನೆ ಎಲ್ಲವನ್ನೂ ಬರೆದುಕೊಳ್ಳಿ. ‘ಹುಡುಗಿಯರು ಬೇಗ ಮನೆ ಸೇರಲಿ’ ಎಂದು ಯಾರಾದರೂ ಹೇಳೇ ಹೇಳುತ್ತಾರೆ. ಅದನ್ನು ಪಟ್ಟಿಗೆ ಸೇರಿಸಬೇಡಿ.

ಹಂತ 3: ಅರ್ಜಿ
ದೀಪದ ಅರ್ಜಿ ಪಾಲಿಕೆಗೆ, ಖಾಲಿ ಫ್ಲ್ಯಾಟಿನದು ಮನೆ ಹಂಚಿಕೆ ಮಾಡಿದ ಇಲಾಖೆಗೆ, ಗಸ್ತಿನದು ಪೊಲೀಸ್ ಠಾಣೆಗೆ. ಬೇರೆ ಬೇರೆ ಅರ್ಜಿ ಬರೆದು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಹಂತ 4: ಬಾಗಿಲೊಳಗೆ
ಇದೇ ಕಷ್ಟದ ಹಂತ. ಬೀದಿಗೆ ದೀಪ ಹಾಕಿಸಬಹುದು, ಆದರೆ ಹಿಂಸೆ ಮಾಡುವವನ ಕೈಯಲ್ಲೇ ಬೀಗದ ಕೈ ಇದ್ದರೆ? ಬೇರೆಲ್ಲಿ ಮಲಗುವುದೆಂಬ ಪ್ರಶ್ನೆಗೆ ಉತ್ತರವಿಲ್ಲದೆಯೇ ಎಷ್ಟೋ ಹೆಂಗಸರು ಸಹಿಸಿಕೊಳ್ಳುತ್ತಾರೆ. 18 ತುಂಬಿದ ಹೆಂಡತಿಯ ಮೇಲೆ ಗಂಡ ನಡೆಸುವ ಅತ್ಯಾಚಾರವನ್ನು ನಮ್ಮ ಕಾನೂನು ಇಂದಿಗೂ ಅತ್ಯಾಚಾರವೆಂದು ಕರೆಯುವುದಿಲ್ಲ. ನನ್ನ ಪ್ರಕಾರ ಅದು ನಾಚಿಕೆಗೇಡು. ಆದರೆ 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಲೈಂಗಿಕ ಹಿಂಸೆಯೂ ಸೇರಿದೆ. ಅದರ 17ನೇ ಕಲಮಿನಂತೆ, ಮನೆ ತನ್ನ ಹೆಸರಿನಲ್ಲಿ ಇಲ್ಲದಿದ್ದರೂ ಅಲ್ಲಿ ವಾಸಿಸುವ ಹಕ್ಕು ಅವಳಿಗಿದೆ. 19ನೇ ಕಲಮಿನಡಿ ಮ್ಯಾಜಿಸ್ಟ್ರೇಟರು ಅವನನ್ನೇ ಹೊರಗೆ ಕಳಿಸಬಹುದು, ಇಲ್ಲವೇ ಅವಳಿಗೆ ಬೇರೆ ಮನೆಯನ್ನೋ ಬಾಡಿಗೆಯನ್ನೋ ಕೊಡಿಸಬಹುದು. ಮನೆ ಮಾವನದಾಗಿದ್ದರೂ ಈ ಹಕ್ಕು ಕೇಳಬಹುದೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅರ್ಜಿಗೆ ಈ ಕಾಯ್ದೆಯಡಿ ನೇಮಕವಾದ ಸಂರಕ್ಷಣಾಧಿಕಾರಿಯನ್ನು ಕಾಣಿ. ಕರ್ನಾಟಕದಲ್ಲಾದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಕಚೇರಿಯಲ್ಲಿ ವಿಚಾರಿಸಿ. ಹೆಂಗಸರಿಗೆ ವಕೀಲರ ನೆರವು ಉಚಿತ; ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100.

ಹಂತ 5: ಆ ರಾತ್ರಿಯೇ ಹೊರಡಬೇಕಾದರೆ
ಮಹಿಳಾ ಸಹಾಯವಾಣಿ 181 ಅಥವಾ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ. ಗುಜರಾತಿನ 181 ‘ಅಭಯಂ’ ಸೇವೆಯಲ್ಲಿ ವಾಹನವೇ ಬರುತ್ತದೆ. ಹಿಂಸೆಗೊಳಗಾದ ಹೆಂಗಸರಿಗೆ ನೆರವಾಗುವ ಸರ್ಕಾರಿ ಸಖಿ ಕೇಂದ್ರದಲ್ಲಿ ಸಾಮಾನ್ಯವಾಗಿ ಐದು ದಿನ ತಂಗಬಹುದು; ಅಷ್ಟರೊಳಗೆ ಮುಂದಿನ ಆಶ್ರಯದ ಏರ್ಪಾಡು ಶುರುವಾಗಬೇಕು. ಅತ್ಯಾಚಾರ ನಡೆದಿದ್ದರೆ ಸರ್ಕಾರಿಯಾಗಲಿ ಖಾಸಗಿಯಾಗಲಿ ಆಸ್ಪತ್ರೆ ತಕ್ಷಣ, ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು. ಆದಷ್ಟು ಸ್ನಾನ ಮಾಡದೆ, ಉಟ್ಟ ಬಟ್ಟೆ ಒಗೆಯದೆ ಹೋಗುವುದು ಒಳ್ಳೆಯದು. ಸ್ನಾನ ಆಗಿಹೋಗಿದ್ದರೂ ಹೋಗಿ. ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಕೊಡುವುದೋ ಬೇಡವೋ ಅವಳೇ ತೀರ್ಮಾನಿಸಲಿ. ಆದರೆ ಹುಡುಗಿಗೆ 18 ತುಂಬಿರದಿದ್ದರೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ.