ಥಿನ್ ಕ್ಲೈಂಟ್ ಪ್ರಯೋಗಾಲಯದಲ್ಲಿ ಎಲ್ಲರಿಗೂ ಒಂದೇ ಪ್ರಿಂಟರ್

ಪ್ರಿಂಟರ್ ನನ್ನ ಮೇಜಿನ ಮೇಲೇ ಇದೆ, ಕಡತ ಸರ್ವರ್‌ಗೆ ಹೋಗಿ ಬರುವುದೇಕೆ? ಮಕ್ಕಳು ಹೀಗೆ ಕೇಳಿದರೆ ಪಾಠವನ್ನು ಅಲ್ಲಿಂದಲೇ ಆರಂಭಿಸಬಹುದು. ಥಿನ್ ಕ್ಲೈಂಟ್ ಬಹುಮಟ್ಟಿಗೆ ಪರದೆ, ಕೀಲಿಮಣೆ ಅಷ್ಟೇ. ಕೆಲಸವೂ ಮುದ್ರಣದ ಸರದಿಯೂ ಸರ್ವರ್‌ನಲ್ಲಿ. ಒಬ್ಬನನ್ನು ಸರ್ವರ್ ಮಾಡಿ, ಉಳಿದವರಿಂದ ಚೀಟಿ ಕೊಡಿಸಿದರೆ ಸರದಿ ಕಣ್ಣಿಗೆ ಕಾಣುತ್ತದೆ.

ಎಲ್‌ಟಿಎಸ್‌ಪಿಯಲ್ಲಿ ಕ್ಲೈಂಟ್‌ಗೆ ಜೋಡಿಸಿದ ಪ್ರಿಂಟರ್ ಸಾಮಾನ್ಯವಾಗಿ 9100ನೇ ಪೋರ್ಟ್‌ನಲ್ಲಿ ಸಿಗುತ್ತದೆ. ಸರ್ವರ್‌ನ ಕಪ್ಸ್ ತಂತ್ರಾಂಶದಲ್ಲಿ ಆ ಕ್ಲೈಂಟ್‌ನ ಐಪಿ ವಿಳಾಸ ಕೊಡಬೇಕು. ಆ ಕ್ಲೈಂಟ್ ಚಾಲೂ ಇರಲೇಬೇಕು. ಬಿಣಗಾದ ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದಾಗ ವಿಳಾಸ ಬದಲಾದರೆ ಮುದ್ರಣ ನಿಂತಂತೆಯೇ. ಡಿಎಚ್‌ಸಿಪಿಯಲ್ಲಿ ಅದರ ಮ್ಯಾಕ್ ವಿಳಾಸಕ್ಕೆ ಒಂದು ಐಪಿ ಕಾಯಂ ಮಾಡಿಡಿ.

ಪ್ರಶ್ನೆಪತ್ರಿಕೆಯನ್ನು ಮಾತ್ರ ಇಲ್ಲಿಗೆ ಕಳಿಸಬೇಡಿ. ಹಾಳೆ ಹೊರಬರುವುದು ಮಕ್ಕಳ ಮುಂದೆ.