ತಿನಿಸಿಗೆ ಊರಿನ ಹೆಸರು ಅಂಟುವ ಬಗೆ

ಉಡುಪಿಯ ಮನೆಗಳಲ್ಲಿ ಯಾರೂ ‘ಉಡುಪಿ ಸಾಂಬಾರ್’ ಮಾಡುವುದಿಲ್ಲ. ಅಲ್ಲಿ ಮಾಡುವುದು ಬರೀ ಹುಳಿ. ಅಲ್ಲಿನ ಅಡುಗೆಭಟ್ಟರು ಮದ್ರಾಸು, ಮುಂಬೈಗಳಿಗೆ ಹೋಗಿ ಹೋಟೆಲ್ ಇಟ್ಟ ಮೇಲೆ ಅದಕ್ಕೆ ಊರಿನ ಹೆಸರು ಸೇರಿತು. ಇನ್ನೂ ಮುಂದೆ ದೆಹಲಿಗೆ ಹೋದರೆ ಆ ಹೆಸರೂ ಕರಗಿ ಎಲ್ಲವೂ ‘ಸೌತ್ ಇಂಡಿಯನ್’ ಆಗುತ್ತದೆ. ಹೆಸರು ಅಂಟುವ ಮೊದಲ ದಾರಿ ಇದು, ವಲಸೆ. ತವರಿನಲ್ಲಿ ತಿಂಡಿಗೆ ಗುರುತು ಬೇಕಿಲ್ಲ. ಪರ ಊರಿನಲ್ಲಿ ಬೇರೆಯವರ ಅಡುಗೆಯ ಪಕ್ಕ ನಿಂತಾಗ ಬೇಕಾಗುತ್ತದೆ.

ಎರಡನೆಯ ದಾರಿ ಸರ್ಕಾರದ್ದು. ಸಯಾಮ್ ದೇಶ 1939ರಲ್ಲಿ ಥಾಯ್ಲೆಂಡ್ ಎಂದು ಹೆಸರು ಬದಲಿಸಿಕೊಂಡಿತು. ಆಗ ಪ್ರಧಾನಿಯಾಗಿದ್ದ ಫಿಬುನ್ ಸೊಂಗ್‌ಖ್ರಾಮ್ ಉಡುಪು, ಭಾಷೆಗಳ ಜೊತೆಗೆ ಊಟವನ್ನೂ ರಾಷ್ಟ್ರ ಕಟ್ಟುವ ಕೆಲಸಕ್ಕೆ ಹಚ್ಚಿದರು. ಜನ ನೂಡಲ್ಸ್ ತಿನ್ನಲಿ ಎಂದು ಸರ್ಕಾರವೇ ಪ್ರಚಾರ ಮಾಡಿತು. ‘ಪ್ಯಾಡ್ ಥಾಯ್’ ಎಂಬ ಹುರಿದ ನೂಡಲ್ಸ್ ಹೆಸರಾದದ್ದು ಆ ಕಾಲದಲ್ಲಿ. ಅಕ್ಕಿ ಶ್ಯಾವಿಗೆಯನ್ನು ಬಾಣಲೆಯಲ್ಲಿ ಹುರಿಯುವ ವಿದ್ಯೆ ಚೀನೀ ವಲಸಿಗರಿಂದ ಬಂದದ್ದು. ಹುಣಸೆಹುಳಿಯ ರುಚಿ, ಮೇಲಿನ ಮೊಹರು ಥಾಯ್‌ಗಳದ್ದು.

ಮೂರನೆಯದು ಕಾನೂನಿನ ದಾರಿ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ನಮ್ಮಲ್ಲಿ 1999ರ ಕಾಯ್ದೆಯಂತೆ ಒಂದು ಪ್ರದೇಶದ ವಿಶಿಷ್ಟ ಉತ್ಪನ್ನಕ್ಕೆ ಭೌಗೋಳಿಕ ಸೂಚಕ, ಅಂದರೆ ಜಿಐ ಮಾನ್ಯತೆ ಸಿಗುತ್ತದೆ. ಅದರ ಕಚೇರಿ ಚೆನ್ನೈನಲ್ಲಿದೆ. ರಸಗುಲ್ಲ ತಮ್ಮದೆಂದು ಬಂಗಾಳ, ಒಡಿಶಾ ಎರಡೂ ಹಟ ಹಿಡಿದವು. ಬಂಗಾಳದವರು ಕೋಲ್ಕತ್ತದ ಬಾಗ್‌ಬಜಾರಿನ ಮಿಠಾಯಿಗಾರ ನೊಬಿನ್‌ಚಂದ್ರ ದಾಸ್ ಅವರನ್ನು ನೆನೆದರು. ಒಡಿಶಾದವರು ಪುರಿ ಜಗನ್ನಾಥನ ರಥಯಾತ್ರೆಯ ಕೊನೆಗೆ ಲಕ್ಷ್ಮಿಗೆ ಅರ್ಪಿಸುವ ರಸಗೋಲವನ್ನು ತೋರಿಸಿದರು. 2017ರಲ್ಲಿ ‘ಬಾಂಗ್ಲಾರ್ ರಸೊಗೊಲ್ಲ’ಕ್ಕೆ ಮಾನ್ಯತೆ ಸಿಕ್ಕಿತು, 2019ರಲ್ಲಿ ‘ಒಡಿಶಾ ರಸಗೋಲ’ಕ್ಕೂ ಸಿಕ್ಕಿತು.

ಇಬ್ಬರಿಗೂ ಹೇಗೆ? ಎರಡರಲ್ಲೂ ಒಡೆದ ಹಾಲಿನ ಛೆನಾವನ್ನು ನಾದಿ, ಉಂಡೆ ಕಟ್ಟಿ, ಕುದಿಯುವ ಪಾಕದಲ್ಲಿ ಬೇಯಿಸುತ್ತಾರೆ. ಬಂಗಾಳದ್ದು ಬೆಳ್ಳಗೆ, ಒತ್ತಿದರೆ ಮತ್ತೆ ಉಬ್ಬುವಂತೆ ಇರುತ್ತದೆ. ಒಡಿಶಾದ್ದಕ್ಕೆ ಸಕ್ಕರೆ ಕಂದು ಬಣ್ಣಕ್ಕೆ ತಿರುಗುವವರೆಗೆ ಕಾಯಿಸಿದ ಪಾಕದಿಂದ ಬಣ್ಣ ಬರುತ್ತದೆ. ಹಲ್ಲಿಗೆ ಕೆಲಸ ಕೊಡದಷ್ಟು ಮೆತ್ತಗಿರುತ್ತದೆ. ಮಾನ್ಯತೆ ಸಿಕ್ಕಿದ್ದು ಈ ಎರಡು ಬಗೆಗಳಿಗೆ. ರಸಗುಲ್ಲವನ್ನು ಮೊದಲು ಮಾಡಿದವರು ಯಾರು ಎಂಬ ಜಗಳವನ್ನು ಕಚೇರಿ ತೀರ್ಮಾನಿಸಲಿಲ್ಲ.

ಹೊಸಬರು ಎಡವುವುದು ಇಲ್ಲೇ. ಹೆಸರನ್ನು ಜನ್ಮಪತ್ರಿಕೆ ಎಂದು ಓದಬಾರದು. ಧಾರವಾಡ ಪೇಢೆಗೂ ಜಿಐ ಇದೆ. ಅದನ್ನು ಅಲ್ಲಿ ಮಾಡಲು ತೊಡಗಿದ್ದು ಉತ್ತರಪ್ರದೇಶದ ಉನ್ನಾವ್ ಕಡೆಯಿಂದ ಬಂದ ಠಾಕೂರ್ ಮನೆತನ. ಹಾಗೆಂದು ಪೇಢೆ ಧಾರವಾಡದ್ದಲ್ಲ ಎನ್ನಲಾದೀತೇ? ತಲೆಮಾರುಗಳ ಕಾಲ ಅಲ್ಲಿನ ಹಾಲಿನಲ್ಲಿ, ಅಲ್ಲಿನ ಕೈಗಳಲ್ಲಿ ಪಳಗಿದ ತಿನಿಸು ಆ ಊರಿನದೇ. ಮುಂದೆ ಯಾವುದೇ ತಿನಿಸಿನ ಮೇಲೆ ಊರಿನದೋ ದೇಶದ್ದೋ ಹೆಸರು ಕಂಡರೆ, ಅದನ್ನು ಯಾರು, ಯಾವಾಗ, ಯಾತಕ್ಕೆ ಅಂಟಿಸಿದರು ಎಂದು ಕೇಳಿ ನೋಡಿ.