ನಿಜಗುಣರನ್ನು ಎಲ್ಲಿಂದ ಓದಲಿ?

ಪ್ರಶ್ನೆ: ನಮ್ಮೂರು ಉಜ್ಜಿನಿ. ಅಜ್ಜನ ಟ್ರಂಕಿನಲ್ಲಿ ನಿಜಗುಣ ಶಿವಯೋಗಿಗಳ ‘ವಿವೇಕಚಿಂತಾಮಣಿ’ ಸಿಕ್ಕಿತು. ಓದಲು ಕೂತರೆ ಎರಡನೆಯ ಪರಿಚ್ಛೇದ ದಾಟಲಾಗಲಿಲ್ಲ. ಅವರು ಇನ್ನೂ ಹಲವು ಗ್ರಂಥ ಬರೆದಿದ್ದಾರಂತೆ. ಸಂಸ್ಕೃತ ಬಾರದ ನನ್ನಂಥವರು ಎಲ್ಲಿಂದ ಶುರು ಮಾಡಬೇಕು? ಮೊದಲು ‘ಸಿದ್ಧಾಂತ ಶಿಖಾಮಣಿ’ ಓದಿರಬೇಕೆ?

ಉತ್ತರ: ಅಜ್ಜನ ಪುಸ್ತಕವನ್ನು ಮತ್ತೆ ಟ್ರಂಕಿಗೆ ಹಾಕಬೇಡಿ, ಕೈಗೆ ಸಿಗುವ ಕಡೆ ಇಡಿ. ಆದರೆ ಓದು ಶುರುವಾಗಬೇಕಾದ್ದು ‘ಕೈವಲ್ಯಪದ್ಧತಿ’ಯಿಂದ. ಅದು ಹಾಡುಗಳ ಪುಸ್ತಕ.

ನೀವು ಎರಡನೆಯ ಪರಿಚ್ಛೇದದಲ್ಲೇ ನಿಂತಿರಿ ಎಂದು ಬೇಸರಪಡುವುದು ಬೇಡ. ವಿವೇಕಚಿಂತಾಮಣಿ ಹತ್ತು ಪರಿಚ್ಛೇದಗಳ ಗದ್ಯ. ವೇದ, ಆಗಮ, ದರ್ಶನ, ಯೋಗ ಮೊದಲುಗೊಂಡು ಸಂಗೀತ, ವೈದ್ಯದವರೆಗೆ ಆ ಕಾಲದ ವಿದ್ಯೆಗಳನ್ನು ಎಣಿಸಿ, ಹೆಸರಿಟ್ಟು, ವಿಂಗಡಿಸಿ ಕೊಟ್ಟಿರುವ ಗ್ರಂಥ. ಕನ್ನಡದ ಹಳೆಯ ವಿಶ್ವಕೋಶವೆಂದು ವಿದ್ವಾಂಸರು ಕರೆಯುವುದು ಇದಕ್ಕೇ. 1604ರಲ್ಲಿ ಮರಾಠಿಗೆ, 1652ರಲ್ಲಿ ಸಂಸ್ಕೃತಕ್ಕೆ ಹೋಯಿತು. ಶಾಸ್ತ್ರಗ್ರಂಥಗಳು ಸಂಸ್ಕೃತದಿಂದ ಕನ್ನಡಕ್ಕೆ ಇಳಿಯುವುದು ವಾಡಿಕೆಯಾಗಿದ್ದ ಕಾಲದಲ್ಲಿ ಇದು ಕನ್ನಡದಿಂದ ಅತ್ತ ಹೋಯಿತು ಎಂಬುದನ್ನು ನಾವು ಹೆಮ್ಮೆಯಿಂದ ನೆನೆಯಬೇಕು. ಇಷ್ಟು ಕೀರ್ತಿ ಇರುವುದರಿಂದಲೇ ಹೊಸ ಓದುಗರ ಕೈಗೆ ಮೊದಲು ಇದೇ ಬರುತ್ತದೆ, ಅವರ ಓದು ಅಲ್ಲಿಗೇ ನಿಲ್ಲುತ್ತದೆ.

ಬಹಳ ಬರೆದ ಧರ್ಮಚಿಂತಕರ ವಿಷಯದಲ್ಲಿ ಬೇರೆ ಕಡೆಯೂ ಹೀಗೇ ಆಗಿದೆ. 17ನೆಯ ಶತಮಾನದ ಇಂಗ್ಲೆಂಡಿನ ಪ್ಯೂರಿಟನ್ ಪಾದ್ರಿ ರಿಚರ್ಡ್ ಬ್ಯಾಕ್ಸ್ಟರ್ ನೂರನ್ನು ಮೀರಿ ಪುಸ್ತಕ ಬರೆದರು. ಕ್ರೈಸ್ತ ಜೀವನದ ಪ್ರಶ್ನೆಗಳನ್ನೆಲ್ಲ ವಿಂಗಡಿಸಿಟ್ಟ ಅವರ 1673ರ ಮಹಾಗ್ರಂಥದಿಂದ ಯಾರೂ ಶುರು ಮಾಡುವುದಿಲ್ಲ. ಕಾಯಿಲೆ ಬಿದ್ದು ಸಾವನ್ನು ಎದುರು ನೋಡುತ್ತ ಬರೆಯಲು ತೊಡಗಿ 1650ರಲ್ಲಿ ಅಚ್ಚು ಹಾಕಿಸಿದ, ನಿತ್ಯವಿಶ್ರಾಂತಿಯ ಕುರಿತಾದ ಪುಸ್ತಕವೇ ಜನರ ಮನಸ್ಸಿನಲ್ಲಿ ಉಳಿಯಿತು. ಬರೆದವರು ತಮ್ಮ ಜೀವಕ್ಕೆ ತಾವೇ ಹೇಳಿಕೊಂಡ ಮಾತು ಯಾವ ಪುಸ್ತಕದಲ್ಲಿದೆಯೋ ಅಲ್ಲಿಂದ ಒಳಗೆ ಹೋಗುವುದು ಸುಲಭ.

ನಿಜಗುಣರಲ್ಲಿ ಆ ಪುಸ್ತಕ ಕೈವಲ್ಯಪದ್ಧತಿ. ನಿಮ್ಮೂರಿನವರಿಗೆ ಇದನ್ನು ನಿಮ್ಮೂರಿನ ಗಾದೆಯಲ್ಲೇ ಹೇಳಬಹುದು: ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು. ಮರುಳಸಿದ್ಧೇಶ್ವರ ಗುಡಿಯ ಒಳಗೆ ನಿಂತು ತಲೆಯೆತ್ತಿ ಚಾವಣಿಯ ಕೆತ್ತನೆ ನೋಡಿದವರಿಗೆ ಆ ಮಾತು ಅರ್ಥವಾಗುತ್ತದೆ. ವಿವೇಕಚಿಂತಾಮಣಿಯ ಹರವನ್ನು ಹೊರಗಿನಿಂದ ನೋಡಿ ಬೆರಗಾಗಬಹುದು. ಕೈವಲ್ಯಪದ್ಧತಿಗೆ ಒಳಗೇ ಹೋಗಬೇಕು.

ಅದರಲ್ಲಿ ಐದು ಸ್ಥಲಗಳಿವೆ: ಶಿವಕಾರುಣ್ಯ, ಜೀವಸಂಬೋಧನೆ, ನೀತಿಕ್ರಿಯಾಚರ್ಯೆ, ಯೋಗ ಪ್ರತಿಪಾದನೆ, ಜ್ಞಾನ ಪ್ರತಿಪಾದನೆ. ಈ ಜೋಡಣೆಯನ್ನು ದಯವಿಟ್ಟು ಕೆಡಿಸಬೇಡಿ. ಮೊದಲು ಶಿವನ ಮುಂದೆ ಮೊರೆ. ಆಮೇಲೆ ತನ್ನ ಜೀವವನ್ನೇ ಕೂರಿಸಿಕೊಂಡು ಬುದ್ಧಿ ಹೇಳುವುದು. ಅದಾದ ಮೇಲೆ ನಡತೆ. ಯೋಗ, ಜ್ಞಾನದ ಮಾತು ಬರುವುದು ಕೊನೆಗೆ. ಓದಿದವರು ಅನೇಕರು ನೇರವಾಗಿ ಜ್ಞಾನದ ಹಾಡುಗಳಿಗೆ ಕೈ ಹಾಕುತ್ತಾರೆ, ಅವೇ ಗಹನವಾದವು ಎಂದು. ನನ್ನ ಅನಿಸಿಕೆಯಲ್ಲಿ ಈ ಗ್ರಂಥದ ಜೀವ ಇರುವುದು ಎರಡನೆಯ ಸ್ಥಲದಲ್ಲಿ. ತನ್ನನ್ನು ತಾನು ಗದರಿಸಿಕೊಂಡು, ಮರುಗಳಿಗೆ ಮರುಕಪಟ್ಟು ಮಾತಾಡುವ ಆ ದನಿಯನ್ನು ಕೇಳಿದ ಮೇಲೆ ಮುಂದಿನ ಸಿದ್ಧಾಂತ ಪರರ ವಾದ ಅನಿಸುವುದಿಲ್ಲ.

ಓದುವ ರೀತಿಯೂ ಮುಖ್ಯ. ಇವು ರಾಗಕ್ಕೆ ಕಟ್ಟಿದ ಪದಗಳು. ಕಣ್ಣಿನಲ್ಲಿ ಓಡಿಸಿದರೆ ಬಿಗಿಯಾಗಿ, ಸಂಸ್ಕೃತಮಯವಾಗಿ ಕಾಣುವ ಸಾಲು ಬಾಯಿಬಿಟ್ಟು ಹೇಳಿದಾಗ ಸಡಿಲವಾಗುತ್ತದೆ. ಪಲ್ಲವಿಯನ್ನು ಪ್ರತಿ ನುಡಿಯ ಕೊನೆಗೂ ತಪ್ಪದೆ ಮರಳಿ ಹೇಳಿ; ನುಡಿಯಿಂದ ನುಡಿಗೆ ಅದರ ಅರ್ಥ ಬೆಳೆಯುವುದು ಆಗ ಗೊತ್ತಾಗುತ್ತದೆ. ಭಜನೆಯವರು ಸಿಕ್ಕರೆ ಅವರ ಪಕ್ಕದಲ್ಲಿ ಕೂತು ಕೇಳಿ. ತಾಳ ಹಾಕುತ್ತ ಹಾಡುವ ಹಿರಿಯರ ಬಾಯಲ್ಲಿ ಅರ್ಥದ ತುಂಡು ಎಲ್ಲಿ ಒಡೆಯುತ್ತದೆ ಎಂಬುದು ಅಚ್ಚಿನ ಪುಟಕ್ಕಿಂತ ಸ್ಪಷ್ಟವಾಗಿರುತ್ತದೆ. ದಿನಕ್ಕೆ ಒಂದು ಹಾಡು ಸಾಕು.

ಅಜ್ಜನ ಪುಸ್ತಕ ಬೇಕಾಗುವುದು ಈಗ. ಹಾಡಿನ ಟೀಕೆಯಲ್ಲಿ ‘ಪಂಚೀಕರಣ’ ಎಂಬ ಮಾತು ಬಂತು ಎನ್ನಿ. ಐದು ಭೂತಗಳಲ್ಲಿ ಒಂದೊಂದೂ ತನ್ನ ಅರ್ಧವನ್ನು ಉಳಿಸಿಕೊಂಡು, ಉಳಿದ ನಾಲ್ಕರಿಂದ ಎಂಟನೆಯ ಒಂದೊಂದು ಪಾಲು ಸೇರಿಸಿಕೊಂಡು ಸ್ಥೂಲವಾಗುತ್ತದೆ ಎಂಬ ವೇದಾಂತದ ಲೆಕ್ಕ ಅದು. ಇಂಥದನ್ನು ಬಿಡಿಸಿ ಹೇಳುವ ಕಡೆಗೆ ವಿವೇಕಚಿಂತಾಮಣಿಯನ್ನು ತೆರೆಯಿರಿ, ಆ ಒಂದು ಭಾಗ ಓದಿ, ಮುಚ್ಚಿ ಹಾಡಿಗೆ ಮರಳಿ. ವರ್ಷ ಕಳೆಯುವಷ್ಟರಲ್ಲಿ ಆ ದಪ್ಪ ಪುಸ್ತಕದ ಎಷ್ಟೋ ಭಾಗ ನಿಮಗೆ ತಿಳಿಯದಂತೆಯೇ ಓದಿ ಆಗಿರುತ್ತದೆ.

ಇನ್ನು ಸಿದ್ಧಾಂತ ಶಿಖಾಮಣಿಯ ಮಾತು. ವೀರಶೈವರ ಸದ್ಧರ್ಮ ಪೀಠದ ಊರಿನವರಾದ ನೀವು ಇದನ್ನು ಕೇಳಿದ್ದು ಸಹಜ. ರೇಣುಕರು ಅಗಸ್ತ್ಯರಿಗೆ ಬೋಧಿಸಿದ ರೂಪದ ಆ ಸಂಸ್ಕೃತ ಗ್ರಂಥ ಷಟ್‌ಸ್ಥಲವನ್ನು 101 ಸ್ಥಲಗಳಾಗಿ ಬಿಡಿಸುತ್ತದೆ. ಅದನ್ನು ಓದಿದ್ದರೆ ಒಳ್ಳೆಯದು, ಓದದಿದ್ದರೂ ನಿಜಗುಣರು ಬಾಗಿಲು ಹಾಕುವುದಿಲ್ಲ. ಭಕ್ತ, ಮಹೇಶ್ವರ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರರ ಕ್ರಮ ಗೊತ್ತಿದ್ದರೆ ಸಾಕು, ಅದು ಉಜ್ಜಿನಿಯಲ್ಲಿ ಪುರಾಣ, ಪ್ರವಚನ ಕೇಳಿ ಬೆಳೆದವರಿಗೆ ಗೊತ್ತೇ ಇರುತ್ತದೆ. ಒಂದು ಸಂಗತಿ ಮಾತ್ರ ನೆನಪಿರಲಿ. ನಿಜಗುಣರು ವೀರಶೈವದ ನೆಲದಲ್ಲಿ ನಿಂತು ಅದ್ವೈತ ವೇದಾಂತದ ಮಾತಾಡುತ್ತಾರೆ. ಮಠದ ಪ್ರವಚನದಲ್ಲಿ ಕೇಳಿದ ಐಕ್ಯಕ್ಕೂ ಅವರ ಜ್ಞಾನಸ್ಥಲದ ಹಾಡುಗಳಿಗೂ ಅಲ್ಲಲ್ಲಿ ಒತ್ತು ಬೇರೆಯಾಗಿ ಕೇಳಿಸೀತು. ಅದನ್ನು ಅವಸರದಲ್ಲಿ ಸರಿ ಮಾಡಲು ಹೋಗಬೇಡಿ, ಎರಡನ್ನೂ ಕೇಳಿಸಿಕೊಳ್ಳಿ. ಹುಬ್ಬಳ್ಳಿಯ ಸಿದ್ಧಾರೂಢರು (1836–1929) ಜಾತಿ ಮತ ನೋಡದೆ ಬಂದವರಿಗೆಲ್ಲ ನಿಜಗುಣರ ಶಾಸ್ತ್ರ ಹೇಳಿದರು. ಪೀಠ ಯಾವುದು, ಪಂಥ ಯಾವುದು ಎಂದು ಕೇಳದೆ ಒಳಗೆ ಕರೆಯುವ ಗುಣ ಆ ಬರಹಕ್ಕೇ ಇದೆ.

ಹಾಡುಗಳು ಮುಗಿದ ಮೇಲೆ ‘ಅನುಭವಸಾರ’ಕ್ಕೆ ಹೋಗಿ. ಅದು ತ್ರಿಪದಿಯಲ್ಲಿದೆ. ಸರ್ವಜ್ಞನ ಮಾತು, ಬೀಸುವ ಕಲ್ಲಿನ ಪದ ಕೇಳಿ ಬೆಳೆದ ಕಿವಿಗೆ ಆ ನಡೆ ಹೊಸದಲ್ಲ, ಹಾಗಾಗಿ ತತ್ತ್ವ ಕಠಿಣವಾದರೂ ಮಾತು ನಾಲಗೆಯ ಮೇಲೆ ನಿಲ್ಲುತ್ತದೆ. ಅದರ ನಂತರ ಸಾಂಗತ್ಯದ ‘ಪರಮಾನುಭವಬೋಧೆ’, ರಗಳೆಯ ‘ಪರಮಾರ್ಥಗೀತೆ’. ಚೆನ್ನಸದಾಶಿವಯೋಗಿಗಳ ‘ಶಿವಯೋಗಪ್ರದೀಪಿಕೆ’ಗೆ ಬರೆದ ಟೀಕೆ ‘ಪರಮಾರ್ಥಪ್ರಕಾಶಿಕೆ’ ಯೋಗದಲ್ಲಿ ಆಸಕ್ತಿ ಇದ್ದವರಿಗೆ. ಉಳಿದವರು ಅದನ್ನು ಕೊನೆಗೆ ಇಟ್ಟುಕೊಂಡರೆ ನಷ್ಟವಿಲ್ಲ. ಪುರಾತನ ಶರಣರನ್ನು ನೆನೆಯುವ ‘ಪುರಾತನರ ತ್ರಿವಿಧಿ’ಯನ್ನು ನಡುನಡುವೆ ಯಾವಾಗ ಬೇಕಾದರೂ ಓದಿ, ಮನೆಯ ಮಕ್ಕಳ ಜೊತೆ ಕೂತು ಓದಿದರೆ ಇನ್ನೂ ಚೆಂದ.

ಕೊಳ್ಳುವಾಗ ಬರಿಯ ಮೂಲ ಬೇಡ, ತಾತ್ಪರ್ಯ ಅಥವಾ ಟೀಕೆ ಇರುವ ಪ್ರತಿಯನ್ನೇ ಕೇಳಿ. ಐದು ಸ್ಥಲಗಳ ತಲೆಬರಹ ಉಳಿದಿದೆಯೇ ಎಂದು ಪುಟ ತಿರುವಿ ನೋಡಿ. ಜಾತ್ರೆಯ ಅಂಗಡಿಗಳಲ್ಲಿ ಸಿಗುವ ಭಜನೆ ಪುಸ್ತಕಗಳಲ್ಲಿ ಬೇರೆಬೇರೆ ಶಿವಯೋಗಿಗಳ ಪದಗಳು ಬೆರೆತಿರುತ್ತವೆ. ಹಾಡಿನ ಕೊನೆಯ ನುಡಿ ನೋಡಿದರೆ ಗುರುತು ಸಿಗುತ್ತದೆ: ಶಂಭುಲಿಂಗ ಎಂದಿದ್ದರೆ ಅದು ಕೊಳ್ಳೇಗಾಲದ ಕಡೆಯ ಶಂಭುಲಿಂಗನ ಬೆಟ್ಟದಲ್ಲಿ ತಪಸ್ಸು ಮಾಡಿದರೆಂದು ಹೇಳುವ ನಿಮ್ಮ ನಿಜಗುಣರದು; ಗುರುಸಿದ್ಧ ಎಂದಿದ್ದರೆ ಅವರದೇ ದಾರಿಯಲ್ಲಿ ‘ಕೈವಲ್ಯಕಲ್ಪವಲ್ಲರಿ’ ಬರೆದ ಸರ್ಪಭೂಷಣ ಶಿವಯೋಗಿಗಳದು. ಅವರನ್ನು ನಿಜಗುಣರ ಹಾಡುಗಳು ಮುಗಿದ ಮೇಲೆ ಓದಿ.